ಓಣಿಯಲ್ಲಿ ಕಲಿಯಲಾಗದ ಡಬಲ್ ಪೆಡಲ್

ಬೆಳಗಾವಿಯ ಶಹಾಪುರದಲ್ಲಿ ನಮ್ಮ ಓಣಿಯ ಮನೆಗಳು ಗೋಡೆಗೆ ಗೋಡೆ ಹಚ್ಚಿ ನಿಂತಿವೆ. ಕಾಲಿನಿಂದ ಪೆಡಲ್ ತುಳಿದು ಬಾರಿಸುವ 22 ಇಂಚಿನ ಬಾಸ್ ಡ್ರಮ್ಮನ್ನು ಮನೆಗೆ ತಂದ ಮೂರನೆಯ ದಿನವೇ ಪಕ್ಕದ ಮನೆಯ ಕಾಕೂ ಬಾಗಿಲಿಗೆ ಬಂದು, "ಏನಪಾ ತಮ್ಮಾ, ನೀ ಬಾರಸಾಕ ಹತ್ತಿದ್ರ ನಮ್ಮ ಮಾಡದಾಗಿನ ಭಾಂಡೆ ನಡಗತಾವಲ್ಲೋ" ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು.

ಆಗ ನಾನು ಉದ್ಯಮಬಾಗಿನ ಫೌಂಡ್ರಿಯೊಂದರಲ್ಲಿ ಹಗಲು ಪಾಳಿಯಲ್ಲಿದ್ದೆ. ಎರಕದ ಅಚ್ಚು ತೆಗೆಯಲು ಬಳಸುವ ಹಳೆಯ ಕಟ್ಟಿಗೆಯ ಪ್ಯಾಟರ್ನುಗಳನ್ನು ಒಟ್ಟಿದ್ದ ಶೆಡ್ಡಿನ ಮೂಲೆಯನ್ನು ಮಾಲೀಕರು ಸಂಜೆಯ ಹೊತ್ತಿಗೆ ಬಿಟ್ಟುಕೊಟ್ಟರು. ಗ್ರೈಂಡರುಗಳ ಸದ್ದಿನಲ್ಲಿ ನನ್ನ ಸದ್ದು ಯಾರಿಗೂ ಭಾರವಾಗಲಿಲ್ಲ.

ನಮ್ಮ ಬ್ಯಾಂಡಿನ ಹಾಡುಗಳು ನಿಮಿಷಕ್ಕೆ 180 ಬಡಿತದ ವೇಗದವು. ಡಬಲ್ ಪೆಡಲ್ ಎಂದರೆ ಒಂದೇ ಬಾಸ್ ಡ್ರಮ್ಮನ್ನು ಎರಡೂ ಕಾಲುಗಳಿಂದ ಬಾರಿಸುವ ಜೋಡಿ ಪೆಡಲು. ಒಂದು ಬಡಿತಕ್ಕೆ ನಾಲ್ಕರಂತೆ ತುಳಿದರೆ ಸೆಕೆಂಡಿಗೆ 12 ಏಟುಗಳು, ಅಂದರೆ ಒಂದೊಂದು ಕಾಲಿಗೆ ಆರು. ಆರಂಭದಲ್ಲಿ ನಾನು ನೇರವಾಗಿ ಆ ವೇಗಕ್ಕೇ ಕೈಹಾಕಿದ್ದರಿಂದ ಮೊಣಕಾಲಿನ ಕೆಳಗೆ, ಮುಂಭಾಗದಲ್ಲಿ ನೋವು ಹಿಡಿಯಿತು. ಮೊಬೈಲಿನಲ್ಲಿ ಧ್ವನಿ ಮುದ್ರಿಸಿ ಕೇಳಿದಾಗ ಎಡಗಾಲು ಬಲಗಾಲಿನ ಹಿಂದೆ ಕುಂಟುತ್ತಿರುವುದು ಸ್ಪಷ್ಟವಾಗಿ ತಿಳಿಯಿತು. ಲಯ ಹಿಡಿಯಲು ಟಿಕ್ ಟಿಕ್ ಎನ್ನುವ ಮೆಟ್ರೋನೋಮನ್ನು 80ಕ್ಕೆ ಇಳಿಸಿ, ದಿನವೂ ಮೊದಲ ಕಾಲು ಗಂಟೆ ಎಡಗಾಲೊಂದನ್ನೇ ದುಡಿಸಿ, ಧ್ವನಿಮುದ್ರಣದಲ್ಲಿ ಏಟುಗಳು ಸಮವಾಗಿ ಕೇಳಿಸಿದ ಮೇಲೆ ಮಾತ್ರ ನಾಲ್ಕು ಬಡಿತ ಏರಿಸುತ್ತ ಹೋದೆ. 140ರ ಆಸುಪಾಸಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಬಿದ್ದೆ; ತೊಡೆಯಿಂದ ತುಳಿಯುವುದನ್ನು ಬಿಟ್ಟು ಹಿಮ್ಮಡಿಯನ್ನು ತುಸು ಎತ್ತಿ ಕಣಕಾಲಿನಿಂದ ತುಳಿಯಲು ಕಲಿತ ಮೇಲೆಯೇ ಅದನ್ನು ದಾಟಿದ್ದು. ಜಾತ್ರೆಯಲ್ಲಿ ಗಂಟೆಗಟ್ಟಲೆ ನಡೆಯುತ್ತಲೇ ಬಾರಿಸುವ ಕರಡಿ ಮಜಲಿನವರ (ಕರಡಿ ಎಂಬ ಚರ್ಮವಾದ್ಯದ ಮೇಳದವರ) ತೋಳುಗಳು ಎಷ್ಟು ಕಡಿಮೆ ಅಲುಗಾಡುತ್ತವೆ ಎಂಬುದನ್ನು ಬಾಲ್ಯದಿಂದ ನೋಡಿಯೂ ಕಡಿಮೆ ಚಲನೆಯ ಈ ಗುಟ್ಟು ನನಗೆ ಹೊಳೆದಿರಲಿಲ್ಲ. 180 ತಲುಪಲು ಒಂದೂವರೆ ವರ್ಷ ಹಿಡಿಯಿತು.

ಗಳಿಕೆಯ ಮಾತು ಚಿಕ್ಕದು. ಸ್ವಂತ ಹಾಡುಗಳನ್ನೇ ನುಡಿಸುವ ಬ್ಯಾಂಡಿಗೆ ಸಿಗುವ ಹಣ ರೈಲಿನ ಟಿಕೆಟ್ಟಿಗೆ ಸಾಲುತ್ತಿತ್ತು. ಪೆಡಲಿನ ಸಾಲ ತೀರಿದ್ದು ಮದುವೆಯ ಆರ್ಕೆಸ್ಟ್ರಾಗಳಿಂದ. ಬೆಂಗಳೂರಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟಾಗ ಸ್ನೇರ್ ಎಂಬ ಚಿಕ್ಕ ಡ್ರಮ್ಮು, ಪೆಡಲ್ ಮತ್ತು ಸಿಂಬಲುಗಳನ್ನಷ್ಟೇ ಒಯ್ಯುತ್ತಿದ್ದೆ. ಉಳಿದ ಕಿಟ್ ಅಲ್ಲಿಯದು. ಅಲ್ಲಿನ ಮೊದಲ ಕಾರ್ಯಕ್ರಮದಲ್ಲಿ, ನುಣುಪಾದ ಪ್ಲೈವುಡ್ ವೇದಿಕೆಯ ಮೇಲೆ ಬಾಸ್ ಡ್ರಮ್ಮು ಪ್ರತಿ ತುಳಿತಕ್ಕೂ ಮುಂದೆ ಜಾರಿ, ಎರಡನೆಯ ಹಾಡಿನ ಹೊತ್ತಿಗೆ ನಾನು ಸ್ಟೂಲಿನ ತುದಿಯಲ್ಲಿ ಕಾಲು ಚಾಚಿ ಕುಳಿತಿದ್ದೆ. ಗಿಟಾರಿನವನು ತನ್ನ ಬೂಟನ್ನು ಅದರ ಮುಂದೆ ಒತ್ತಿಟ್ಟು, ಉಳಿದ ಹಾಡುಗಳನ್ನೆಲ್ಲ ಒಂಟಿಗಾಲಿನಲ್ಲಿ ನುಡಿಸಿದ. ಊರಿಗೆ ಮರಳಿದ ಮೇಲೆ ಡ್ರಮ್ಮು ಜಾರದಂತೆ ಕೆಳಗೆ ಹಾಸಲು ಖಡೇಬಜಾರಿನಲ್ಲಿ ದಪ್ಪನೆಯ ಜಮಖಾನೆಯೊಂದನ್ನು ಕೊಂಡೆ. ಈಗ ಸಾಮಾನು ಕಟ್ಟುವಾಗ ಸ್ನೇರಿಗಿಂತ ಮೊದಲು ಅದನ್ನೇ ಸುತ್ತಿಡುತ್ತೇನೆ.