ಲಿಂಗೆನ್‌ನಲ್ಲಿ ಮೊರೇನ್ ದಿಬ್ಬಗಳನ್ನೂ ಮೇಲೆದ್ದ ಕಡಲತೀರಗಳನ್ನೂ ನಕ್ಷೆಗಿಳಿಸಿದ ಬಗೆ

ಉತ್ತರ ನಾರ್ವೆಯ ಲಿಂಗೆನ್ ಪರ್ಯಾಯ ದ್ವೀಪದಲ್ಲಿ 1,834 ಮೀಟರ್ ಎತ್ತರದ ಯೆಹ್ಕೆವಾರ್ರಿ ಶಿಖರಕ್ಕೂ ಫಿಯೋರ್ಡ್‌ನ (ಕಡಿದಾದ ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಕಡಲ ತೋಳಿನ) ನೀರಿಗೂ ನಡುವೆ ಇರುವುದು ಕೆಲವೇ ಕಿಲೋಮೀಟರು. ಹಿಮನದಿಗಳು ತಂದು ಸುರಿದ ಮೊರೇನ್ ದಿಬ್ಬಗಳೂ, ಸಮುದ್ರ ಹಿಂದೊಮ್ಮೆ ನಿಂತಿದ್ದ ಮಟ್ಟವನ್ನು ತೋರುವ ಮೇಲೆದ್ದ ತೀರಗಳೂ ಇಲ್ಲಿ ಅಕ್ಕಪಕ್ಕದಲ್ಲೇ ಸಿಗುತ್ತವೆ. ಒಂದರ ಕಾಲವನ್ನು ಇನ್ನೊಂದರಿಂದ ತಿಳಿಯಬಹುದಾದ್ದರಿಂದ ನಾನು ಎರಡನ್ನೂ ಒಂದೇ ಹಾಳೆಯ ಮೇಲೆ ಗುರುತಿಸಿದೆ.

ಲಿಡಾರ್, ಅಂದರೆ ಲೇಸರ್ ಕಿರಣ ಹಾಯಿಸಿ ಅಳೆದ, ಎತ್ತರದ ನಕ್ಷೆಯಲ್ಲಿ ದಿಬ್ಬಗಳ ಏಣು ಎದ್ದು ಕಾಣುತ್ತದೆ. ಆದರೆ ಅದು ಮೊರೇನೋ ತೀರದ ದಿಣ್ಣೆಯೋ ಎಂಬುದನ್ನು ಅಗೆದೇ ನಿರ್ಧರಿಸಬೇಕು. ಮೊರೇನ್‌ನಲ್ಲಿ ಆಳೆತ್ತರದ ಗ್ಯಾಬ್ರೊ ಎಂಬ ಕಪ್ಪು ಅಗ್ನಿಶಿಲೆಯ ಬಂಡೆಯಿಂದ ಹಿಡಿದು ಹಿಟ್ಟಿನಂಥ ನುಣುಪು ಹೂಳಿನವರೆಗೆ ಎಲ್ಲವೂ ಪದರವಿಲ್ಲದೆ ಬೆರೆತಿರುತ್ತದೆ, ಕಲ್ಲುಗಳ ಅಂಚು ಅಷ್ಟಾಗಿ ಸವೆದಿರುವುದಿಲ್ಲ. ತೀರದ ದಿಣ್ಣೆಯಲ್ಲಾದರೆ ಅಲೆಗಳು ನುಣ್ಣಗಿನ ಹೂಳನ್ನೆಲ್ಲ ತೊಳೆದೊಯ್ದು, ಹೆಚ್ಚು ಕಡಿಮೆ ಒಂದೇ ಗಾತ್ರದ ದುಂಡನೆಯ ಕಲ್ಲುಗಳನ್ನಷ್ಟೇ ಉಳಿಸಿರುತ್ತವೆ, ಅವುಗಳ ಸಂದಿಗೆ ಬೆರಳು ತೂರಿಸಬಹುದು.

ಎತ್ತರ ಅಳೆಯುವಾಗ ಆ ಹೊತ್ತಿನ ನೀರಿನ ಮಟ್ಟವನ್ನು ಸೊನ್ನೆ ಎಂದು ಹಿಡಿಯಬಾರದು. ಉಬ್ಬರ ಇಳಿತಗಳ ಅಂತರ ಇಲ್ಲಿ 2-3 ಮೀಟರಿನಷ್ಟಿದೆ. ಬಂಡೆಗಳ ಮೇಲೆ ಕಂದು ಕಡಲಪಾಚಿ ಬೆಳೆಯುವ ಮೇಲಂಚು ಹೆಚ್ಚು ಸ್ಥಿರವಾದ್ದರಿಂದ ನಾನು ಅಲ್ಲಿಂದಲೇ ಅಳೆದೆ.

ಮುಖ್ಯವಾದ ತೀರರೇಖೆ ಸುಮಾರು 12,900ರಿಂದ 11,700 ವರ್ಷಗಳ ಹಿಂದಿನ ಯಂಗರ್ ಡ್ರಯಾಸ್ ಎಂಬ ಶೀತಲ ಅವಧಿಯದು. ಹೆಪ್ಪುಗಟ್ಟುವ ನೀರೂ ಕಡಲಹಿಮವೂ ಸೇರಿ ಗಟ್ಟಿ ಶಿಲೆಯನ್ನೇ ಮೆಟ್ಟಿಲಿನಂತೆ ಕಡಿದಿವೆ. ಒಳನಾಡಿನತ್ತ ಸಾಗಿದಂತೆ ಈ ರೇಖೆ ಮೇಲೇರುತ್ತದೆ, ಏಕೆಂದರೆ ಹಿಮ ದಪ್ಪವಾಗಿದ್ದ ಕಡೆ ನೆಲ ಹೆಚ್ಚು ಕುಸಿದಿತ್ತು, ಭಾರ ಇಳಿದ ಮೇಲೆ ಅಷ್ಟೇ ಹೆಚ್ಚು ಮೇಲೆದ್ದಿತು. ಅದರ ಕೆಳಗಿರುವ ಸುಮಾರು 7,000 ವರ್ಷ ಹಿಂದಿನ ಟೇಪ್ಸ್ ಎಂದು ಕರೆಯುವ ಹಳೆಯ ಸಮುದ್ರ ಮಟ್ಟದ ದಿಣ್ಣೆಗಳ ವಾಲು ತೀರಾ ಕಡಿಮೆ. ಹೀಗಾಗಿ ಎರಡನ್ನೂ ಬೇರ್ಪಡಿಸಲು ಒಂದು ಜಾಗದ ಎತ್ತರ ಸಾಲದು, ಫಿಯೋರ್ಡ್‌ನ ಉದ್ದಕ್ಕೂ ಅಳೆಯಬೇಕು.

ನನಗೆ ಅತ್ಯಂತ ಮುಖ್ಯವೆನಿಸಿದ್ದು ಅದೇ ಯಂಗರ್ ಡ್ರಯಾಸ್ ಕಾಲದ ಹಿಮದಂಚನ್ನು ತೋರುವ ಟ್ರೊಮ್ಸೊ-ಲಿಂಗೆನ್ ಮೊರೇನ್ ಫಿಯೋರ್ಡ್‌ಗೆ ಇಳಿಯುವ ಜಾಗ. ದಿಬ್ಬದ ಹೊರಬದಿಯಲ್ಲಿ ಶಿಲೆಯ ಮೆಟ್ಟಿಲು ಸ್ಪಷ್ಟವಾಗಿದೆ, ಒಳಬದಿಯಲ್ಲಿ ಎಷ್ಟು ಹುಡುಕಿದರೂ ಅದಿಲ್ಲ. ಹೊರಗೆ ಹೆಪ್ಪುಗಟ್ಟುವ ನೀರೂ ಕಡಲಹಿಮವೂ ಬಂಡೆ ಕಡಿಯುತ್ತಿದ್ದಾಗ ಒಳಗಿನ ಫಿಯೋರ್ಡ್‌ನಲ್ಲಿ ಹಿಮ ತುಂಬಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿಯನ್ನು ನಾನು ಕಂಡಿಲ್ಲ.

ಸ್ಟೈನ್‌ಡಾಲ್ಸ್‌ಬ್ರೇನ್ ಹಿಮನದಿಯ ಮುಂದಿರುವ, ಈಚಿನ ಶತಮಾನಗಳ ದಿಬ್ಬಗಳಿಗೆ ಕಡಲಿನ ನೆರವಿಲ್ಲ. ಅಲ್ಲಿ ಕಲ್ಲುಗಳ ಮೇಲೆ ವರ್ಷಗಳೊಂದಿಗೆ ನಿಧಾನವಾಗಿ ಹಿಗ್ಗುವ ಹಳದಿ-ಹಸಿರು ಕಲ್ಲುಹೂವಿನ ವ್ಯಾಸವನ್ನು ಅಳೆದು, ವಯಸ್ಸು ಗೊತ್ತಿರುವ ಕಲ್ಲುಗಳೊಂದಿಗೆ ಹೋಲಿಸಿದೆ.