ಸಿಡ್ನಿಗೆ ಹೊರಟಿದ್ದೀರಾ? ಚಪ್ಪಲಿ ಬಾಗಿಲಾಚೆ ಬಿಡಬೇಡಿ

ಸಿಡ್ನಿಯಿಂದ ರಜೆಗೆ ಬಸವನಗುಡಿಯ ಅಮ್ಮನ ಮನೆಗೆ ಬಂದಿದ್ದೇನೆ. ನಮ್ಮ ಬೀದಿಯಿಂದಲೇ ಎರಡು ಮನೆಯವರು ಮುಂದಿನ ತಿಂಗಳು ಸಿಡ್ನಿಗೆ ಹೊರಟಿದ್ದಾರೆ. ಬಾಡಿಗೆ, ಸ್ಕೂಲು ಎಲ್ಲ ವಿಚಾರಿಸಿ ಆದ ಮೇಲೆ ಮೆಲ್ಲಗೆ ಕೇಳುವುದು ಒಂದೇ: "ಅಲ್ಲಿ ಜೇಡ ಕಚ್ಚಿದರೆ ಸತ್ತೇ ಹೋಗ್ತಾರಂತೆ, ಹೌದಾ?"

ಅಷ್ಟು ಹೆದರಬೇಡಿ. ಅಲ್ಲಿನ ವಿಷದ ಜೇಡಗಳಲ್ಲಿ ರೆಡ್‌ಬ್ಯಾಕ್ ಅನ್ನುವುದರ ವಿಷಕ್ಕೆ 1956ರಿಂದ, ಫನಲ್‌ವೆಬ್ ಅನ್ನುವುದರ ವಿಷಕ್ಕೆ 1981ರಿಂದ ಮದ್ದಿದೆ. ಆದರೆ ನಮ್ಮೂರಿನ ಒಂದು ಅಭ್ಯಾಸ ಅಲ್ಲಿ ಬೇಡ, ಚಪ್ಪಲಿ ಶೂಗಳನ್ನು ಬಾಗಿಲಾಚೆ ಬಿಡುವುದು. ರಾತ್ರಿಯಿಡೀ ಹೊರಗಿದ್ದ ಶೂ ಜೇಡಕ್ಕೆ ಒಳ್ಳೆ ಗೂಡು ಅಲ್ವಾ? ಒಳಗೇ ಸ್ಟ್ಯಾಂಡಿನಲ್ಲಿಡಿ. ಹೊರಗೆ ಉಳಿದಿದ್ದರೆ ತಲೆಕೆಳಗು ಮಾಡಿ ನೆಲಕ್ಕೆ ಕುಟ್ಟಿ, ಒಳಗೆ ನೋಡಿ ಹಾಕಿಕೊಳ್ಳಿ.

ಇನ್ನೊಂದು, ಹೂಕುಂಡ. ಕರಿಬೇವು, ತುಳಸಿ ಇಲ್ಲದೆ ನಮಗೆ ಆಗುವುದಿಲ್ಲ. ಒಮ್ಮೆ ಕರಿಬೇವಿನ ಕುಂಡ ಸರಿಸಲು ಅಂಚಿನ ಕೆಳಗೆ ಬೆರಳು ಹಾಕುವವಳಿದ್ದೆ, ಸುಮ್ನೆ ಒಮ್ಮೆ ಬಗ್ಗಿ ನೋಡಿದರೆ ಅಡ್ಡಾದಿಡ್ಡಿ ಬಲೆ, ಅದರಲ್ಲಿ ಬಟಾಣಿ ಗಾತ್ರದ ಕಪ್ಪು ಜೇಡ, ಬೆನ್ನ ಮೇಲೆ ಕೆಂಪು ಪಟ್ಟೆ. ಅದೇ ಹೆಣ್ಣು ರೆಡ್‌ಬ್ಯಾಕ್. ಪಕ್ಕದಲ್ಲೇ ಕೆನೆ ಬಣ್ಣದ ಎರಡು ಗುಂಡು ಚೀಲ, ಮೊಟ್ಟೆಗಳದ್ದು. ಒಂದೊಂದರಲ್ಲಿ 200ಕ್ಕೂ ಹೆಚ್ಚು ಮೊಟ್ಟೆ ಇರಬಹುದು, ಆದ್ದರಿಂದ ಜೇಡ ಒಂದನ್ನೇ ತೆಗೆದರೆ ಸಾಲದು, ಚೀಲವನ್ನೂ ಕೋಲಿನಿಂದ ಕಿತ್ತು ಜಜ್ಜಿಬಿಡಬೇಕು. ತೋಟದ ಕೆಲಸಕ್ಕೆ ದಪ್ಪ ಕೈಗವಸು ಹಾಕಿಕೊಳ್ಳಿ. ಲೆಟರ್ ಬಾಕ್ಸ್, ಹೊರಗಿನ ಕುರ್ಚಿಯ ಅಡಿ, ಮಕ್ಕಳ ಸೈಕಲ್ಲು, ಇಲ್ಲೂ ಬಗ್ಗಿ ನೋಡಿ.

ನಿಜವಾದ ಮದ್ದು ಪೊರಕೆ. ಹಬ್ಬಕ್ಕೆ ಮುಂಚೆ ಅಮ್ಮ ಕೋಲಿಗೆ ಪೊರಕೆ ಕಟ್ಟಿ ಮೂಲೆಮೂಲೆಯ ಬಲೆ ತೆಗೆಯುತ್ತಾರಲ್ಲ, ಅದನ್ನೇ ಹದಿನೈದು ದಿನಕ್ಕೊಮ್ಮೆ ಮನೆಯ ಹೊರಗೋಡೆಗೂ ಮಾಡಿ. ಸೌದೆ, ಹಳೆ ಇಟ್ಟಿಗೆ, ರಟ್ಟಿನ ಡಬ್ಬಗಳನ್ನು ಗೋಡೆಗೆ ಒತ್ತಿ ಪೇರಿಸಬೇಡಿ. ಬಾಗಿಲ ಕೆಳಗಿನ ಸಂದಿಗೆ ಪಟ್ಟಿ ಹಾಕಿಸಿ. ಹೊರಗಿನ ದೀಪ ಹಳದಿ ಇರಲಿ, ಹುಳ ಕಡಿಮೆಯಾದರೆ ಅದನ್ನು ತಿನ್ನುವ ಜೇಡವೂ ಕಡಿಮೆ. ನಿಂಬೆ ಎಣ್ಣೆ ಸಿಂಪಡಿಸಿ ಅಂತ ಯಾರಾದರೂ ಹೇಳಿದರೆ ನಂಬಿ ಕೂರಬೇಡಿ. ಪುದೀನ ಎಣ್ಣೆ ಕೆಲವು ಜೇಡಗಳನ್ನು ಸ್ವಲ್ಪ ದೂರ ಇಡುತ್ತದೆ, ಆದರೆ ಬೆಕ್ಕಿರುವ ಮನೆಯಲ್ಲಿ ಅದು ಬೇಡವೇ ಬೇಡ.

ಅಂಗೈ ಅಗಲದ, ಗೋಡೆಗೆ ಅಂಟಿದ ಹಂಟ್ಸ್‌ಮನ್ ಜೇಡ ಕಂಡರೆ ಕೊಲ್ಲಬೇಡಿ. ಅದು ಜಿರಲೆ ತಿನ್ನುತ್ತದೆ. ಅದರ ಮೇಲೆ ಅಗಲ ಬಾಯಿಯ ಡಬ್ಬ ಕವುಚಿ, ಕೆಳಗೆ ರಟ್ಟು ತೂರಿಸಿ ಹೊರಗೆ ಬಿಡಿ.

ಫನಲ್‌ವೆಬ್ ಮಾತ್ರ ಬೇರೆ. ಮಿರಮಿರ ಕಪ್ಪು, ತೇವದ ಮಣ್ಣಿನಲ್ಲಿ ಬಿಲ. ನವೆಂಬರ್ ಹೊತ್ತಿಗೆ ಬೇಸಿಗೆ ಶುರುವಾಗುತ್ತಿದ್ದಂತೆ ಗಂಡು ಜೇಡ ಹೆಣ್ಣನ್ನು ಹುಡುಕುತ್ತಾ ಮನೆಯೊಳಗೂ ಬರುತ್ತದೆ, ಅದರ ವಿಷವೇ ಜಾಸ್ತಿ. ಈಜುಕೊಳದ ತಳದಲ್ಲಿ ಸತ್ತಂತೆ ಬಿದ್ದಿದ್ದರೂ ಕೈ ಹಾಕಬೇಡಿ, ಜೀವ ಇರುತ್ತದೆ. ಇದು ಕಚ್ಚಿದರೆ, ಅಥವಾ ದೊಡ್ಡ ಕಪ್ಪು ಜೇಡ ಕಚ್ಚಿತು, ಯಾವುದೆಂದು ಗೊತ್ತಿಲ್ಲ ಅಂದರೂ, ಕೈಯೋ ಕಾಲೋ ಪೂರ್ತಿ ಬಿಗಿಯಾಗಿ ಬ್ಯಾಂಡೇಜು ಸುತ್ತಿ, ಅಲುಗಾಡದೆ ಕೂತು, ಆಂಬುಲೆನ್ಸಿಗೆ 000ಗೆ ಫೋನ್ ಮಾಡಿ. ರೆಡ್‌ಬ್ಯಾಕ್ ಕಚ್ಚಿದರೆ ಬ್ಯಾಂಡೇಜು ಬೇಡ, ನೋವು ಜಾಸ್ತಿಯಾಗುತ್ತದೆ. ಐಸ್ ಇಟ್ಟು ಡಾಕ್ಟರ ಹತ್ತಿರ ಹೋಗಿ. ವಿಷದ ಬಗ್ಗೆ ಸಲಹೆ ಕೇಳಲು 13 11 26 ಇದೆ, ಹಗಲು ರಾತ್ರಿ ಯಾವಾಗಲೂ ಎತ್ತುತ್ತಾರೆ. ಎರಡೂ ನಂಬರ್ ಬರೆದು ಫ್ರಿಜ್ ಮೇಲೆ ಅಂಟಿಸಿ, ಜೊತೆಗೆ ಬಂದಿರುವ ಅಪ್ಪ ಅಮ್ಮನಿಗೆ ಕನ್ನಡದಲ್ಲೇ ಬರೆದುಕೊಡಿ.