ಅಂಗಡಿ, ಆಫೀಸು ಕೊಡಿಸುವ ಬ್ರೋಕರ್ ಆಗುವುದು ಹೇಗೆ?

ಮನೆ ನೋಡಲು ಬಂದವರು ಗಾಳಿ, ಬೆಳಕು, ನೀರು ಕೇಳುತ್ತಾರೆ. ಅಂಗಡಿ ಮಳಿಗೆ ನೋಡಲು ಬಂದವರು ಹಾಗಲ್ಲ. ಕೂಡಿಟ್ಟ ದುಡ್ಡು, ಸಾಲದ ದುಡ್ಡು ಎರಡನ್ನೂ ಆ ಶಟರ್ ಹಿಂದೆ ಹಾಕಲು ಬಂದಿರುತ್ತಾರೆ. ಜಾಗ ತಪ್ಪಾದರೆ ವ್ಯಾಪಾರವೇ ನಿಲ್ಲುತ್ತದೆ. ಆ ಜವಾಬ್ದಾರಿ ಹೊರಲು ಮನಸ್ಸಿದ್ದವರು ಮಾತ್ರ ಈ ಕೆಲಸಕ್ಕೆ ಬರಬೇಕು ಅನ್ನುವುದು ಬೆಂಗಳೂರಿನಲ್ಲಿ ಹದಿನೈದು ವರ್ಷ ಇದನ್ನೇ ಮಾಡಿದ ನನ್ನ ಅಭಿಪ್ರಾಯ.

ಮೊದಲು ಒಂದು ರಸ್ತೆ

ಇಡೀ ಊರು ನನ್ನದು ಎಂದು ಹೊರಟವರಿಗೆ ಒಂದು ಗಲ್ಲಿಯೂ ಸರಿಯಾಗಿ ಗೊತ್ತಿರುವುದಿಲ್ಲ. ಒಂದೇ ರಸ್ತೆ ಆರಿಸಿಕೊಳ್ಳಿ. ಜಯನಗರ 4ನೇ ಬ್ಲಾಕ್‌ನ ಒಂದು ರಸ್ತೆ ಆಗಲಿ, ಮಲ್ಲೇಶ್ವರದ 8ನೇ ಅಡ್ಡರಸ್ತೆ ಆಗಲಿ, ನಿಮ್ಮ ಮನೆ ಪಕ್ಕದ ಮುಖ್ಯರಸ್ತೆಯೇ ಆಗಲಿ. ನೋಟ್‌ಬುಕ್ ಹಿಡಿದು ಎರಡೂ ಬದಿ ನಡೆಯಿರಿ. ಯಾವ ಅಂಗಡಿ, ಎಷ್ಟು ವರ್ಷದಿಂದ ಇದೆ, ಮುಂಭಾಗ ಎಷ್ಟು ಅಡಿ, ಓನರ್ ಯಾರು, ಗಾಡಿ ನಿಲ್ಲಿಸಲು ಜಾಗ ಇದೆಯಾ, ಎಲ್ಲ ಬರೆದುಕೊಳ್ಳಿ. ಬೆಳಿಗ್ಗೆ ಹನ್ನೊಂದಕ್ಕೆ ಒಮ್ಮೆ, ಸಂಜೆ ಏಳಕ್ಕೆ ಒಮ್ಮೆ ಹೋಗಿ. ಬಸ್ ಸ್ಟಾಪ್ ಇರುವ ಬದಿಯಲ್ಲಿ ಜನ ತುಂಬಿರುತ್ತಾರೆ, ಎದುರು ಬದಿ ಖಾಲಿ. ಓನರ್‌ಗಳು ಎರಡೂ ಕಡೆ ಒಂದೇ ಬಾಡಿಗೆ ಹೇಳುತ್ತಾರೆ! ಆ ವ್ಯತ್ಯಾಸ ಗೊತ್ತಿರುವುದೇ ನಿಮ್ಮ ಬಂಡವಾಳ.

ಟೀ ಅಂಗಡಿಯವರು, ಸೆಕ್ಯುರಿಟಿಯವರು, ಇಸ್ತ್ರಿ ಮಾಡುವವರ ಜೊತೆ ವಿಶ್ವಾಸದಿಂದ ಇರಿ. ಟು-ಲೆಟ್ ಬೋರ್ಡ್ ಬೀಳುವ ಮೊದಲೇ ಸುದ್ದಿ ಅವರಿಗೆ ಸಿಕ್ಕಿರುತ್ತದೆ.

ಆಮೇಲೆ ಯಾವ ಬಗೆಯ ಜಾಗ ಎಂದು ನೋಡಿ. ಔಟರ್ ರಿಂಗ್ ರೋಡ್, ವೈಟ್‌ಫೀಲ್ಡ್ ಕಡೆ ದೊಡ್ಡ ಆಫೀಸುಗಳು. ಪೀಣ್ಯದಲ್ಲಿ ಶೆಡ್. ನೆಲಮಂಗಲ, ಹೊಸಕೋಟೆ ಕಡೆ ಗೋಡೌನ್. ಗೋಡೌನ್ ಪಾರ್ಟಿ, ಅಂದರೆ ಗೋಡೌನ್ ಬೇಕೆಂದು ಬಂದ ಗಿರಾಕಿ, ಕೇಳುವುದೇ ಬೇರೆ: ಚಾವಣಿ ಎತ್ತರ, ನೆಲ ಎಷ್ಟು ಭಾರ ತಡೆಯುತ್ತದೆ, 40 ಅಡಿ ಕಂಟೇನರ್ ಒಳಗೆ ತಿರುಗುತ್ತದಾ. ಟೆಕ್ ಪಾರ್ಕ್ ವ್ಯವಹಾರ ಮಾಡಬೇಕೆಂದರೆ ಸಿಬಿಆರ್‌ಇ, ಜೆಎಲ್‌ಎಲ್, ಕೊಲಿಯರ್ಸ್‌ನಂಥ ದೊಡ್ಡ ರಿಯಲ್ ಎಸ್ಟೇಟ್ ಸಲಹಾ ಕಂಪನಿಗಳಲ್ಲಿ ಕೆಲಸಕ್ಕೆ ಸೇರುವುದು ಒಳ್ಳೆಯ ದಾರಿ. ಡಿಗ್ರಿ, ಎಕ್ಸೆಲ್, ಇಂಗ್ಲಿಷ್ ಅಲ್ಲಿ ಬೇಕೇ ಬೇಕು.

ಟೇಪು ಜೇಬಿನಲ್ಲಿರಲಿ

ಓನರ್ ಹೇಳುವ ಚದರ ಅಡಿ ಸಾಮಾನ್ಯವಾಗಿ ಸೂಪರ್ ಬಿಲ್ಟ್-ಅಪ್. ಮೆಟ್ಟಿಲು, ಲಿಫ್ಟ್, ವರಾಂಡದ ಪಾಲೂ ಅದರಲ್ಲಿ ಸೇರಿರುತ್ತದೆ. ಪಾರ್ಟಿ ಬಳಸುವುದು ಕಾರ್ಪೆಟ್ ಏರಿಯಾ, ಅಂದರೆ ಗೋಡೆಗಳ ಒಳಗಿನ ಜಾಗ. ಒಂದು ಲೆಕ್ಕ ನೋಡಿ. 1,200 ಚದರ ಅಡಿ, ಅಡಿಗೆ 100 ರೂಪಾಯಿ ಎಂದರೆ ಬಾಡಿಗೆ 1,20,000. ಒಳಗೆ ಟೇಪು ಹಿಡಿದರೆ ಸಿಗುವುದು 840 ಅಡಿ. ಅಂದರೆ ನಿಜವಾಗಿ ಅಡಿಗೆ ಸುಮಾರು 143 ರೂಪಾಯಿ ಆಯಿತು. ಓನರ್ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಮೇಲೆ ಶೇ 18, ಅಂದರೆ 21,600. ಮೇಂಟೆನೆನ್ಸ್ ಬೇರೆ. ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ 12 ಲಕ್ಷ. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಪಾರ್ಟಿ ಕೈಗೆ ಕೊಡಿ. ಕೆಲವರು ಅಲ್ಲೇ ಬೇಡ ಎನ್ನುತ್ತಾರೆ. ಅನ್ನಲಿ. ಮುಂದಿನ ಸಲ ಅವರು ಫೋನ್ ಮಾಡುವುದು ನಿಮಗೇ.

ಕರೆಂಟ್ ಬಿಲ್ ತೋರಿಸಿ ಸಾರ್

ನಾನು ಶುರು ಮಾಡಿದ ಎರಡನೇ ವರ್ಷ ದರ್ಶಿನಿ ಹೋಟೆಲ್ ಮಾಡಲು ಅಣ್ಣ-ತಮ್ಮ ಬಂದರು. ಒಳ್ಳೆಯ ಕಾರ್ನರ್ ಮಳಿಗೆ ತೋರಿಸಿದೆ. ಅಡ್ವಾನ್ಸ್ ಕೊಟ್ಟಾಯಿತು, ಟೈಲ್ಸ್ ಕೆಲಸವೂ ಶುರುವಾಯಿತು. ಆಗ ಎಲೆಕ್ಟ್ರಿಷಿಯನ್ ಮೀಟರ್ ನೋಡಿ ಕೇಳಿದ: "ಇದು 5 ಕಿಲೋವ್ಯಾಟ್ ಲೈನು, ಗ್ರೈಂಡರ್, ಫ್ರೀಜರ್ ಎಲ್ಲ ಹೇಗೆ ಓಡಿಸ್ತೀರಾ?" ಲೋಡ್ ಹೆಚ್ಚಿಸಲು ಓನರ್ ಒಪ್ಪಲಿಲ್ಲ. ಚಿಮಣಿ ಪೈಪು ಮೇಲೆ ಒಯ್ಯಲು ಮಹಡಿ ಮನೆಯವರು ಬಿಡಲಿಲ್ಲ. ಅಡ್ವಾನ್ಸ್ ವಾಪಸ್ ಬರಲು ಐದು ತಿಂಗಳು ಹಿಡಿಯಿತು. ಟೈಲ್ಸ್ ದುಡ್ಡು ಹೋಯಿತು. ಕಮಿಷನ್ ನಾನು ಹಿಂದಿರುಗಿಸಿದೆ, ಆದರೂ ಆ ತಮ್ಮನ ಮುಖ ಇವತ್ತಿಗೂ ಕಣ್ಣ ಮುಂದಿದೆ. ಬಿಲ್ಲಿನಲ್ಲೇ ಲೋಡ್ ಎಷ್ಟು ಎಂದು ಮುದ್ರಿಸಿರುತ್ತಾರೆ. ನಾನು ಓದಿರಲಿಲ್ಲ.

ಈಗ ಯಾವ ಮಳಿಗೆಗೆ ಹೋದರೂ ಮೊದಲು ಬಿಲ್. ಆಮೇಲೆ ಖಾತೆ (ಆಸ್ತಿ ಯಾರ ಹೆಸರಲ್ಲಿದೆ ಎನ್ನುವ ಪಾಲಿಕೆ ದಾಖಲೆ), ಮಂಜೂರಾದ ಪ್ಲಾನ್, ಒಸಿ (ಕಟ್ಟಡ ಬಳಸಬಹುದು ಎನ್ನುವ ಪ್ರಮಾಣಪತ್ರ). ಪ್ಲಾನ್‌ನಲ್ಲಿ ವಾಸದ ಕಟ್ಟಡ ಎಂದಿದ್ದರೆ ಟ್ರೇಡ್ ಲೈಸೆನ್ಸ್ ಹೊತ್ತಿಗೆ ತಲೆನೋವು. ಮಾರಾಟದ ವ್ಯವಹಾರವಾದರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಆಸ್ತಿ ಮೇಲಿನ ಸಾಲ, ಹಿಂದಿನ ವ್ಯವಹಾರ ತೋರಿಸುವ ಋಣಭಾರ ಪತ್ರ) ತೆಗೆಸಿ, ವಕೀಲರಿಗೆ ತೋರಿಸಿ.

ರೇರಾ ಯಾವಾಗ ಬೇಕು?

ರೇರಾ ಎಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ. ಅದರಲ್ಲಿ ನೋಂದಣಿಯಾದ ಪ್ರಾಜೆಕ್ಟ್‌ನ ಅಂಗಡಿ, ಆಫೀಸು ಮಾರಿಸುವುದಾದರೆ 2016ರ ಕಾಯ್ದೆ ಪ್ರಕಾರ ಏಜೆಂಟ್ ನೋಂದಣಿ ಕಡ್ಡಾಯ. ಇಲ್ಲದಿದ್ದರೆ ತಪ್ಪು ನಡೆದ ಪ್ರತಿ ದಿನಕ್ಕೂ 10,000 ರೂಪಾಯಿ ದಂಡ. ಒಟ್ಟು ದಂಡ ಆಸ್ತಿ ಬೆಲೆಯ ಶೇ 5ರವರೆಗೂ ಹೋಗಬಹುದು. ಬಾಡಿಗೆಗೆ ಮಾತ್ರ ಕೊಡಿಸುವವರಿಗೆ ಇದು ಅನ್ವಯಿಸುವುದಿಲ್ಲ. ಆದರೂ ಇವತ್ತಲ್ಲ ನಾಳೆ ಮಾರಾಟದ ಪಾರ್ಟಿ ಬಂದೇ ಬರುತ್ತಾರೆ ಅಲ್ವಾ? ಮಾಡಿಸಿಕೊಂಡುಬಿಡಿ.

ಅಗ್ರಿಮೆಂಟ್, ಕಮಿಷನ್

ಅಗ್ರಿಮೆಂಟ್ ವಕೀಲರು ಬರೆಯಲಿ, ಆದರೆ ಲಾಕ್-ಇನ್ (ನಡುವೆ ಜಾಗ ಬಿಡುವಂತಿಲ್ಲದ ಅವಧಿ) ಎಷ್ಟು ತಿಂಗಳು, ಬಾಡಿಗೆ ಯಾವಾಗ ಎಷ್ಟು ಏರುತ್ತದೆ, ಒಳಗಿನ ಕೆಲಸ ಮುಗಿಯುವವರೆಗೆ ಎಷ್ಟು ದಿನ ಬಾಡಿಗೆ ಬೇಡ, ಬಿಡುವಾಗ ಪೇಂಟಿಂಗ್ ದುಡ್ಡು ಯಾರದು ಎನ್ನುವುದನ್ನು ಓನರ್, ಪಾರ್ಟಿ ಇಬ್ಬರನ್ನೂ ಕೂರಿಸಿ ನೀವೇ ಜೋರಾಗಿ ಓದಿ. ಜಗಳ ಆಗುವುದಿದ್ದರೆ ಆವತ್ತೇ ಆಗಲಿ. ಒಂದು ವರ್ಷ ಮೀರಿದ ಲೀಸ್ ಆದರೆ ನೋಂದಣಿ ಮಾಡಿಸಲೇಬೇಕು.

ಕಮಿಷನ್ ಮಾತು ಜಾಗ ತೋರಿಸುವ ಮೊದಲೇ ಆಗಬೇಕು. ಒಂದು ತಿಂಗಳ ಬಾಡಿಗೆ ಎನ್ನುವುದು ಇಲ್ಲಿ ನಡೆದುಬಂದ ರೂಢಿ. ಎರಡೂ ಕಡೆ ತೆಗೆದುಕೊಳ್ಳುವುದಾದರೆ ಇಬ್ಬರಿಗೂ ಗೊತ್ತಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಎಷ್ಟು, ಯಾವತ್ತು ಎಂದು ಕಳಿಸಿ, "ಓಕೆ" ಬರುವವರೆಗೆ ಬೀಗದ ಕೈ ತೆಗೆಯಬೇಡಿ. ದುಡ್ಡು ಬ್ಯಾಂಕ್ ಮೂಲಕವೇ ಬರಲಿ. ನಿಮ್ಮ ಕಮಿಷನ್ ಆದಾಯ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಕಂಪನಿಯವರು ಕಮಿಷನ್‌ನಲ್ಲಿ ಶೇ 2 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿಯುತ್ತಾರೆ, ಆದಾಯ ತೆರಿಗೆ ರಿಟರ್ನ್‌ನಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೊದಲ ಆರು ತಿಂಗಳು ಒಂದು ವ್ಯವಹಾರವೂ ಕುದುರದೇ ಇರಬಹುದು. ಅಷ್ಟು ದಿನದ ಮನೆಖರ್ಚು ಕೈಯಲ್ಲಿಟ್ಟುಕೊಂಡೇ ಇಳಿಯಿರಿ.

ವ್ಯವಹಾರ ಮುಗಿದ ದಿನವೇ ಡೈರಿಯಲ್ಲಿ ಲಾಕ್-ಇನ್ ಮುಗಿಯುವ ತಾರೀಖು ಬರೆದಿಡಿ. ಅದಕ್ಕೆ ಆರು ತಿಂಗಳು ಮೊದಲೇ ಪಾರ್ಟಿಗೆ ಫೋನ್ ಮಾಡಿ, ವ್ಯಾಪಾರ ಹೇಗಿದೆ ಸಾರ್ ಎಂದು ವಿಚಾರಿಸಿ.